ಗಿರಿನಗರದ ಮೂಲೆ ಪ್ಲಾಟು

ಮಾಳಗುಂದಿಯಲ್ಲಿ ಭಾಗೀರಥಿಬಾಯಿಯವರನ್ನು ಹೆಸರು ಹಿಡಿದು ಕರೆಯುವವರು ಅವರ ಅಣ್ಣ ಮತ್ತು ವೈನಿ, ಇಬ್ಬರೇ. ಉಳಿದವರಿಗೆಲ್ಲ ಅವರು ಅಕ್ಕಾರು. ಹೆಣ್ಣುಮಕ್ಕಳ ಶಾಲೆಯಲ್ಲಿ ಊರಿನ ಅರ್ಧ ಹೆಂಗಸರಿಗೆ ಕಾಗುಣಿತ ತಿದ್ದಿಸಿ, ಉಳಿದರ್ಧಕ್ಕೆ ಬೆತ್ತ ತೋರಿಸಿ ನಿವೃತ್ತರಾದವರು. ಮರುವರ್ಷವೇ ಪಂಚಾಯ್ತಿ ಚುನಾವಣೆ ಬಂತು. ಹೆಂಗಸರಿಗೆಂದು ಮೀಸಲಿಟ್ಟ ಎರಡು ಜಾಗಗಳಲ್ಲಿ ಒಂದಕ್ಕೆ ಊರವರು ಅಕ್ಕಾರನ್ನು ಕೇಳದೆಯೇ ಆರಿಸಿ ಕೂರಿಸಿದರು. ಇನ್ನೊಂದಕ್ಕೆ ಗದಿಗೆವ್ವ ಬಂದಳು. ಆಕೆ ಹೊಲಮನೆಯ ಹೆಂಗಸು, ಓದು ಬರಹ ಬಾರದು, ಬಾಯಿ ಮಾತ್ರ ಇಡೀ ಊರಿಗೆ ಸಾಕಾಗುವಷ್ಟಿತ್ತು.

ಗಂಡ ಸಣ್ಣ ವಯಸ್ಸಿನಲ್ಲೇ ತೀರಿಹೋದ ಮೇಲೆ ಅಕ್ಕಾರು ಅಣ್ಣ ನರಸಿಂಹಾಚಾರ್ಯರ ಮನೆ ಸೇರಿದ್ದರು. ಅಣ್ಣ ಹನುಮಂತದೇವರ ಗುಡಿಯ ಪೂಜೆಯವರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಅಣ್ಣನ ಹೆಂಡತಿ, ವೈನಿ ಪದ್ಮಾಬಾಯಿಯೂ ಕೆಟ್ಟವಳೇನಲ್ಲ. ಅಡುಗೆಮನೆಗೆ ಹೊಂದಿಕೊಂಡ ಒಂದು ಖೋಲಿಯನ್ನು ನಾದಿನಿಗೆ ಕೊಟ್ಟಿದ್ದಳು, ಹೊತ್ತಿಗೆ ಸರಿಯಾಗಿ ಊಟಕ್ಕೆ ಕರೆಯುತ್ತಿದ್ದಳು. ಆದರೆ ಆ ಖೋಲಿಗೆ ಒಳಗಿನಿಂದ ಚಿಲಕವಿರಲಿಲ್ಲ. ಹಪ್ಪಳದ ಡಬ್ಬಿ, ಉಪ್ಪಿನಕಾಯಿಯ ಭರಣಿ, ಮದುವೆ ಮುಂಜಿಗೆ ತೆಗೆಯುವ ದೊಡ್ಡ ಪಾತ್ರೆಗಳು ಎಲ್ಲವೂ ಅಲ್ಲೇ ಇದ್ದುದರಿಂದ ಮನೆಯವರು ಬೇಕೆಂದಾಗ ಒಳಗೆ ಬರುತ್ತಿದ್ದರು. ಅಕ್ಕಾರು ಏನಾದರೂ ಓದುತ್ತ ಕೂತಿದ್ದರೆ, "ಭಾಗೀರಥಿ, ಸ್ವಲ್ಪ ಸರಿ" ಎನ್ನುತ್ತ ವೈನಿ ಬಂದು ಮೆಂತ್ಯ ತೆಗೆದುಕೊಂಡು ಹೋಗುವಳು. ಮೆಂತ್ಯ ಕೇಳಿದವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಇಷ್ಟು ವರ್ಷ ಸರಿದೂ ಸರಿದೂ ಅಕ್ಕಾರಿಗೆ ಹುಟ್ಟಿದ ಆಸೆ ಒಂದೇ. ಎರಡು ಖೋಲಿಯ ಸ್ವಂತ ಮನೆ, ಅದಕ್ಕೊಂದು ಬಾಗಿಲು, ಬಾಗಿಲಿಗೆ ತಾವೇ ಹಾಕಿ ತಾವೇ ತೆಗೆಯುವ ಒಂದು ಚಿಲಕ. ಹಸಿದವರು ಅನ್ನ ಬಯಸುವ ಹಾಗೆ ಅವರು ಆ ಮನೆಯನ್ನು ಬಯಸಿದ್ದರು.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಆ ಆಸೆಗೆ ದಾರಿ ತೋರಿಸಿದವನು ಅಡತಿ ಅಂಗಡಿಯ ಕೊಟ್ರಪ್ಪ. ಹತ್ತಿ, ಶೇಂಗಾ ಎಂದು ಜೀವಮಾನವಿಡೀ ತೂಕ ಮಾಡಿದವನು, ಈಗ ಜಮೀನನ್ನೂ ತುಂಡು ಮಾಡಿ ಮಾರಬಹುದು ಎಂದು ಗದಗಿನಲ್ಲಿ ನೋಡಿಕೊಂಡು ಬಂದಿದ್ದ. ಮುಂಡರಗಿ ರಸ್ತೆಯ ಬದಿಗೆ, ಗುಡ್ಡದತ್ತ ಏರುವ ತನ್ನ ಮಾಳದ ಭೂಮಿಯಲ್ಲಿ ಕಲ್ಲು ನೆಡಿಸಿ, 'ಗಿರಿನಗರ' ಎಂದು ಬೋರ್ಡು ಬರೆಸಿ ನಿಲ್ಲಿಸಿದ. ಮಾಸ್ತರರು, ಗುಮಾಸ್ತರು, ಅಂಗಡಿಯವರು ನಾ ಮುಂದು ತಾ ಮುಂದು ಎಂದು ಪ್ಲಾಟು ಹಿಡಿದರು. ಎಲ್ಲಕ್ಕಿಂತ ಮೇಲಿನ ಸಾಲಿನ ಮೂಲೆಯ ಪ್ಲಾಟು ಅಕ್ಕಾರ ಪಾಲಿಗೆ ಬಂತು. ಮೇಲಿನ ಸಾಲಾದ್ದರಿಂದ ಅಗ್ಗ, ಮೂಲೆಯಾದ್ದರಿಂದ ಎರಡು ಕಡೆ ಗಾಳಿ. ಕೊಟ್ರಪ್ಪ ಹಾಗೆಂದು ಹೇಳಿದ್ದ, ಅದರಲ್ಲಿ ಸುಳ್ಳೂ ಇರಲಿಲ್ಲ.

ಅವನು ಹೇಳದೆ ಬಿಟ್ಟದ್ದು ಇನ್ನೊಂದಿತ್ತು. ಆ ಮೇಲಿನ ಸಾಲಿಗೆ ತಾಗಿಯೇ ಸರಕಾರ ಚಿಗರಿಗಳಿಗೆಂದು, ಅಂದರೆ ಜಿಂಕೆಗಳಿಗೆಂದು, ಕಾಯ್ದಿಟ್ಟ ಹುಲ್ಲುಗಾವಲಿತ್ತು. ನವರಾತ್ರಿಯ ಮುಂಚೆ ಮೇಲಿನ ಕಚೇರಿಯಿಂದ ಪಂಚಾಯ್ತಿಗೆ ಕಾಗದ ಬಂತು. ಪಂಚಾಯ್ತಿಯವರು ಜಾಗವನ್ನು ಕಣ್ಣಾರೆ ನೋಡಿ, ಮನೆಗಳಾದರೆ ಚಿಗರಿಗಳಿಗೆ ತೊಂದರೆಯೋ ಇಲ್ಲವೋ ವಿಚಾರ ಮಾಡಿ ಠರಾವು ಕಳಿಸಬೇಕು; ಅಲ್ಲಿಯ ತನಕ ಯಾರೂ ಪಾಯಾ ತೆಗೆಯಬಾರದು.

ಚೇರಮನ್ ವಿರೂಪಾಕ್ಷಪ್ಪ ಪರಿಶೀಲನೆಗೆಂದು ಒಂದು ಸಮಿತಿ ಮಾಡಿದರು. ಒಬ್ಬರು ತಾವು, ಹೆಂಗಸರಿಗೆ ಪುರಸೊತ್ತು ಇರುತ್ತದೆಂದು ಗದಿಗೆವ್ವ ಮತ್ತು ಅಕ್ಕಾರು. ಪ್ಲಾಟು ಹಿಡಿದವರೇ ಪ್ಲಾಟು ಪರೀಕ್ಷೆ ಮಾಡಬಹುದೇ ಎಂದು ಯಾರೂ ಕೇಳಲಿಲ್ಲ. ಪಂಚಾಯ್ತಿಯಲ್ಲಿ ಗಿರಿನಗರದ ಪ್ಲಾಟು ಹಿಡಿಯದವರನ್ನು ಹುಡುಕಿದ್ದರೆ ಗದಿಗೆವ್ವ ಒಬ್ಬಳೇ ಸಿಗುತ್ತಿದ್ದಳು.

ಮಾಳಗುಂದಿಯಲ್ಲಿ ಒಂದು ರೂಢಿಯಿತ್ತು. ಪಂಚಾಯ್ತಿಯವರು ಪಂಚಾಯ್ತಿಯ ಕೆಲಸಕ್ಕೆಂದು ಎಲ್ಲಿಗೆ ಹೋದರೂ ಮುಂದೆ ಹಲಗೆ ಬಾರಿಸಬೇಕು. ಗಟಾರ ನೋಡಲು ಹೋದರೂ ಹಲಗೆ, ಬೋರಿನ ಹಿಡಿಕೆ ಮುರಿದದ್ದನ್ನು ನೋಡಲು ಹೋದರೂ ಹಲಗೆ. ಹಲಗೆಯಿಲ್ಲದೆ ಹೋದರೆ ಅದು ಬರೀ ತಿರುಗಾಟ, ಪರಿಶೀಲನೆ ಅಲ್ಲ. ಅಂದು ಕೊಟ್ರಪ್ಪ ತನ್ನ ಖರ್ಚಿನಿಂದ ಹಲಗೆಯ ಜೊತೆಗೆ ಸನಾದಿಯನ್ನೂ ಸೇರಿಸಿದ್ದ. ಸಮಿತಿ ಊರ ಅಗಸೆ ಬಾಗಿಲು ದಾಟುವಷ್ಟರಲ್ಲಿ ಹಿಂದೆ ಅರ್ಧ ಊರು ಕೂಡಿತ್ತು. ಸನಾದಿಯವನು ಹುಮ್ಮಸ್ಸಿನಿಂದ ಮದುವೆಯ ರಾಗವನ್ನೇ ಹಿಡಿದಿದ್ದ.

ಗಿರಿನಗರದ ಬೋರ್ಡಿನ ಹತ್ತಿರ ಅರಣ್ಯ ಇಲಾಖೆಯ ಗಾರ್ಡು ಮಕ್ತುಮಸಾಬ ಕಾಯುತ್ತ ನಿಂತಿದ್ದ. ಮೆರವಣಿಗೆ ನೋಡಿದವನೇ ತಲೆಗೆ ಕೈ ಹಚ್ಚಿ ಜಾಲಿಯ ನೆರಳಿಗೆ ಕೂತುಬಿಟ್ಟ.

"ಚೇರಮನ್ನರ, ಚಿಗರಿ ನೋಡಾಕ ಬಂದೀರೋ, ಓಡಸಾಕ ಬಂದೀರೋ?" ಎಂದ.

"ಸರಕಾರಿ ಕೆಲಸ ಮಾರಾಯಾ. ಕಳ್ಳರಂಗ ಸುಮ್ನ ಬರಾಕ ಬರತೈತೇನು?" ಎಂದರು ವಿರೂಪಾಕ್ಷಪ್ಪ, ಕೊಟ್ರಪ್ಪ ಹಾಕಿಸಿದ್ದ ಕೊರಳ ಮಾಲೆ ಸರಿಪಡಿಸಿಕೊಳ್ಳುತ್ತ.

ಎಲ್ಲರೂ ಕಣ್ಣಿಗೆ ಕೈ ಅಡ್ಡ ಹಿಡಿದು ನಾಲ್ಕೂ ದಿಕ್ಕಿಗೆ ನೋಡಿದರು. ಹುಲ್ಲು ಕಂಡಿತು, ಕಲ್ಲು ಕಂಡಿತು, ದೂರದಲ್ಲಿ ಶಿರಹಟ್ಟಿಗೆ ಹೋಗುವ ಬಸ್ಸಿನ ಧೂಳು ಕಂಡಿತು. ಚಿಗರಿಯ ಬಾಲವೂ ಕಾಣಲಿಲ್ಲ. ಕೊಟ್ರಪ್ಪ ಮಂಡಕ್ಕಿ, ಮಿರ್ಚಿ, ಚಹಾ ತರಿಸಿದ್ದ. ಪರಿಶೀಲನೆಯ ಬಹುಪಾಲು ಹೊತ್ತು ಅದಕ್ಕೇ ಹೋಯಿತು. ಪಂಚನಾಮೆ ಬರೆಯುವ ಕೆಲಸ ಅಕ್ಕಾರಿಗೆ ಬಂತು, ಅಕ್ಷರ ಚೆಂದವೆಂದು. "ಪರಿಶೀಲನೆಯ ಕಾಲಕ್ಕೆ ಸದರಿ ಜಾಗದಲ್ಲಿ ಚಿಗರಿಯಾಗಲಿ ಇತರ ಪ್ರಾಣಿಯಾಗಲಿ ಕಂಡುಬಂದಿರುವುದಿಲ್ಲ" ಎಂದು ಅವರು ಬರೆದರು. ಬರೆಯುವಾಗ ಅವರ ಮನಸ್ಸು ಅರಳಿತ್ತು ಎಂಬುದನ್ನು ಮುಚ್ಚಿಡುವುದೇಕೆ? ಇನ್ನು ಠರಾವೊಂದು ಆದರೆ ಮನೆ ಎದ್ದಂತೆಯೇ.

"ಒಂದು ಕಾಗೀನೂ ಉಳದಿಲ್ಲ, ಅದನ್ನೂ ಬರಕೋರಿ ಅಕ್ಕಾರ" ಎನ್ನುತ್ತ ಗದಿಗೆವ್ವ ಹೆಬ್ಬೆಟ್ಟು ಒತ್ತಿದಳು.

ಎಲ್ಲರೂ ಇಳಿಯತೊಡಗಿದಾಗ ಮಕ್ತುಮಸಾಬ ಅಕ್ಕಾರ ಹತ್ತಿರ ಬಂದ. ಅವನ ಹೆಂಡತಿ ಮೆಹಬೂಬಿ ಅಕ್ಕಾರ ಕೈಯಲ್ಲಿ ಕಲಿತವಳು. "ಅಕ್ಕಾರ, ನಿಮ್ಮ ಪ್ಲಾಟು ನೀವು ಸರಿಯಾಗಿ ನೋಡೇ ಇಲ್ಲಲ್ರಿ. ಒಂದಿನ ಮುಂಜಾನಿ ನೀವೊಬ್ರ ಬರ್ರಿ" ಎಂದ. ಅವನ ಮಾತಿನ ಒಳಗೇನಿತ್ತೋ ಅಕ್ಕಾರಿಗೆ ಹೊಳೆಯಲಿಲ್ಲ. ಆದರೆ ಪ್ಲಾಟನ್ನು ಒಬ್ಬರೇ ನಿಂತು ನೋಡುವ ವಿಚಾರ ಮಾತ್ರ ಮನಸ್ಸಿಗೆ ಬಹಳ ಹಿಡಿಸಿತು.

ಮರುದಿನ ಬೆಳಗಾಗುತ್ತಲೇ ಅಕ್ಕಾರು ಸ್ನಾನ ಮಾಡಿ, ಗುಡಿಗೆ ಹೋಗುವೆನೆಂದು ವೈನಿಗೆ ಹೇಳಿ, ನೆಟ್ಟಗೆ ಗಿರಿನಗರಕ್ಕೆ ಹೋದರು. ಮೇಲಿನ ಸಾಲಿನ ಮೂಲೆಗೆ ಬಂದು ಗಡಿಕಲ್ಲಿನ ಮೇಲೆ ಕೂತರು. ಹುಲ್ಲು ಇನ್ನೂ ಒದ್ದೆಯಿತ್ತು. ಎದ್ದು ಹೆಜ್ಜೆ ಹಾಕುತ್ತ, ಇಲ್ಲಿ ಬಾಗಿಲು, ಇಲ್ಲಿ ಅಡುಗೆಮನೆ, ಇಲ್ಲಿ ಒಂದು ತುಳಸಿಕಟ್ಟೆ ಎಂದು ಕಾಲಿನಿಂದಲೇ ಗೆರೆ ಎಳೆದರು. ನೋಡಿದವರಿದ್ದರೆ ಅಕ್ಕಾರಿಗೆ ತಲೆ ಕೆಟ್ಟಿತು ಅನ್ನುತ್ತಿದ್ದರು. ಅಷ್ಟು ಸುಖ ಅವರಿಗೆ ಬಹಳ ವರ್ಷಗಳಿಂದ ಆಗಿರಲಿಲ್ಲ.

ತುಳಸಿಕಟ್ಟೆಯ ಜಾಗದಿಂದ ತಲೆ ಎತ್ತಿದಾಗ ಮೇಲೆ ಒಂದು ಚಿಗರಿ ನಿಂತಿತ್ತು. ಕೋಡಿಲ್ಲದ ಹೆಣ್ಣು ಚಿಗರಿ. ಅಕ್ಕಾರು ಕೈ ಬೀಸಿದರೂ ಅದು ಓಡಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಹೋಯಿತು, ಮತ್ತೆ ಮುಂದೆ ಬಂತು, ಮುಂಗಾಲಿನಿಂದ ನೆಲ ಬಡಿಯಿತು. ಅದು ನೋಡುತ್ತಿದ್ದದ್ದು ಅಕ್ಕಾರ ಮುಖವನ್ನಲ್ಲ, ಕಾಲ ಬುಡವನ್ನು. ಅಕ್ಕಾರು ಬಗ್ಗಿ ನೋಡಿದರು. ಒಂದು ಹುಲ್ಲಿನ ಗಡ್ಡೆಯ ಮಗ್ಗುಲಿಗೆ, ಮಣ್ಣಿನದೇ ಬಣ್ಣದ ಒಂದು ಮರಿ ಕಿವಿ ಹಿಂದಕ್ಕೆ ಹಾಕಿ, ಕುತ್ತಿಗೆ ನೆಲಕ್ಕೆ ಚಾಚಿ ಮಲಗಿತ್ತು. ಮೈ ಇನ್ನೂ ಪೂರ್ತಿ ಆರಿರಲಿಲ್ಲ. ಕಣ್ಣು ತೆರೆದೇ ಇತ್ತು, ಆದರೆ ಮಿಸುಕಲಿಲ್ಲ.

"ಅಕ್ಕಾರ, ಹಂಗ ಹಿಂದಕ ಬರ್ರಿ, ಮುಟ್ಟಬ್ಯಾಡ್ರಿ" ಎಂಬ ದನಿ ಕೇಳಿತು. ಮಕ್ತುಮಸಾಬ ಕೆಳಗಿನ ಸಾಲಿನಲ್ಲಿ ನಿಂತಿದ್ದ. ಅಕ್ಕಾರು ಅವನತ್ತ ಇಳಿದು ಬಂದರು. ಇಬ್ಬರೂ ಕಲ್ಲಿನ ಮರೆಗೆ ಕೂತ ಮೇಲೆ ಚಿಗರಿ ಮರಿಯ ಹತ್ತಿರ ಬಂದು ಅದರ ಮೈ ನೆಕ್ಕತೊಡಗಿತು.

"ವರ್ಷಾ ಇಲ್ಲೇ ಈಯಾಕ ಬರತಾವ್ರಿ. ಮ್ಯಾಲಿನ ಎರಡು ಸಾಲಿನ್ಯಾಗ. ಒಳಗ ಹುಲ್ಲು ಎತ್ತರ, ತ್ವಾಳ ಬಂದ್ರ ಕಾಣೂದಿಲ್ಲ" ಎಂದ ಮಕ್ತುಮಸಾಬ.

ಅಕ್ಕಾರಿಗೆ ಕರುಣೆ ಉಕ್ಕಿ ಬಂತು ಎಂದು ಬರೆದರೆ ಕಥೆಗೆ ಚೆಂದ. ಖರೆ ಹೇಳಬೇಕೆಂದರೆ ಅವರಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದೊಡ್ಡ ಗುಡ್ಡ ಇರುವಾಗ ಈ ಪ್ರಾಣಿಗೆ ನನ್ನ ತುಳಸಿಕಟ್ಟೆಯೇ ಬೇಕಾಗಿತ್ತೇ? ಮಕ್ತುಮಸಾಬನ ಮೇಲೂ ಸಿಟ್ಟು ಬಂತು. ಇವನು ಕರೆಯದಿದ್ದರೆ ತಾವು ನೋಡುತ್ತಿರಲಿಲ್ಲ, ನೋಡದಿದ್ದರೆ ಬರೆದ ಪಂಚನಾಮೆ ತಮ್ಮ ಪಾಲಿಗೆ ಖರೆಯಾಗಿಯೇ ಉಳಿಯುತ್ತಿತ್ತು.

"ನನ್ನ ಯಾಕ ಕರದಿ? ಚೇರಮನ್ನರನ್ನ ಕರೀಬೇಕಾಗಿತ್ತು" ಎಂದರು ಒರಟಾಗಿ.

"ಅವರು ಹಲಗಿ ಬಿಟ್ಟು ಬರಬೇಕಲ್ರಿ" ಎಂದ ಅವನು.

ಮನೆಗೆ ಬಂದರೆ ಪದ್ಮಾಬಾಯಿ ಸಡಗರದಲ್ಲಿದ್ದಳು. ಲಕ್ಷ್ಮೇಶ್ವರದಿಂದ ಮಗಳು ತಾರಾಬಾಯಿಯ ಕಾಗದ ಬಂದಿತ್ತು. ದಿನ ತುಂಬುತ್ತಿವೆ, ಈ ಸಲವೂ ಬಾಣಂತನಕ್ಕೆ ತವರಿಗೇ ಬರುವಳಂತೆ. "ಛಲೋ ಆತು ನೋಡು ಭಾಗೀರಥಿ. ಠರಾವು ಆದಕೂಡ್ಲೆ ನೀ ನಿನ್ನ ಮನಿ ಸುರು ಮಾಡ್ತಿ, ಅಲ್ಲೀತನಕ ಅಲ್ಲೇ ಹತ್ರ ಯಾರದರೆ ಒಂದು ಖೋಲಿ ಹಿಡದರಾತು. ನಿಂದು ಒಲಿ ಮಗ್ಗಲದ ಖೋಲಿ, ಬೆಚ್ಚಗ ಇರತದ. ತಾರಾಗ ಅದನ್ನ ಕೊಡೋಣ" ಎಂದಳು. ಅಕ್ಕಾರು ಹೂಂ ಎಂದರು. ಮುಂದಿನ ದಿನಗಳಲ್ಲಿ ಅವರು ಗಿರಿನಗರದ ಕಡೆ ಸುಳಿಯಲಿಲ್ಲ, ಮಕ್ತುಮಸಾಬ ಬಜಾರಿನಲ್ಲಿ ಕಂಡರೆ ಓಣಿ ಬದಲಿಸಿದರು. ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಸುಲಭ ಎಂದು ತಮಗೆ ತಾವೇ ಹೇಳಿಕೊಂಡರು. ಸುಲಭವಾಗಿದ್ದರೆ ಹಾಗೆ ಹೇಳಿಕೊಳ್ಳುವ ಗರಜೇ ಇರಲಿಲ್ಲ.

ಸಭೆಯ ದಿನ ಪಂಚಾಯ್ತಿ ಕಚೇರಿ ತುಂಬಿತ್ತು. ಪ್ಲಾಟು ಹಿಡಿದವರೆಲ್ಲ ಕಿಟಕಿಗೆ ಜೋತು ನಿಂತಿದ್ದರು. ಕಾರಕೂನ ಪಂಚನಾಮೆ ಓದಿದ. ವಿರೂಪಾಕ್ಷಪ್ಪ, "ಹಂಗಾರ ತೊಂದ್ರಿ ಏನೂ ಇಲ್ಲಂತ ಠರಾವು ಬರಕೊ" ಎಂದರು.

ಅಕ್ಕಾರು ಎದ್ದು ನಿಂತರು.

"ಅದನ್ನ ಬರದಾಕಿ ನಾನು. ಅದು ಪೂರ್ತಿ ಖರೆ ಅಲ್ಲ. ನಾವು ಹಲಗಿ ಬಾರಿಸಿಗೋತ ಹೋದ್ವಿ, ಅದಕ್ಕ ಚಿಗರಿ ಕಾಣಲಿಲ್ಲ. ಮರುದಿನ ನಾ ಒಬ್ಬಾಕಿನ ಹೋಗಿ ನೋಡೀನಿ. ಮ್ಯಾಲಿನ ಸಾಲಿನ್ಯಾಗ ಚಿಗರಿ ಈದದ. ನನ್ನ ಪ್ಲಾಟಿನ್ಯಾಗ."

ಕಿಟಕಿಯ ಹತ್ತಿರ ಗುಜುಗುಜು ಎದ್ದಿತು. ಕೊಟ್ರಪ್ಪ ನಗುತ್ತಲೇ ಇದ್ದ. "ಅಕ್ಕಾರ, ಒಂದು ಮರಿ ಸಲುವಾಗಿ ಊರು ಬೆಳೀಬಾರದೇನ್ರಿ? ನಾಕ ದಿನಕ್ಕ ಅದೂ ಎದ್ದು ಓಡತೈತಿ" ಎಂದ. ಹೌದೌದು ಎಂದರು ಸದಸ್ಯರು. ಅಕ್ಕಾರು ಕಾಯಿದೆಯ ಮಾತು ಎತ್ತಿದರು, ಕಾಗದದಲ್ಲಿ ಏನು ಕೇಳಿದ್ದಾರೆ ಎಂದು ಓದಿ ಹೇಳಿದರು. ಎಲ್ಲರೂ ಮರ್ಯಾದೆಯಿಂದ ಕೇಳಿದರು, ಒಬ್ಬರ ಮನಸ್ಸಿಗೂ ಅದು ತಾಗಲಿಲ್ಲ. ವಿರೂಪಾಕ್ಷಪ್ಪ ಕಾರಕೂನನಿಗೆ ಬರೆಯಲು ಸನ್ನೆ ಮಾಡಿದರು.

ಆಗ ಅಕ್ಕಾರ ಬಾಯಿಂದ ಬಂದ ಮಾತನ್ನು ಅವರು ಮೊದಲೇ ಯೋಚಿಸಿಟ್ಟಿರಲಿಲ್ಲ. "ವಿರೂಪಾಕ್ಷಪ್ಪನವರ, ಹೋದ ವರ್ಷ ಹೊಸಾ ಮನಿಗೆ ಕಲ್ಲು, ಉಸುಕು ತರಿಸಿ ಹಾಕಿದ್ರಿ. ಮಳಿಗೆ ಉಸುಕೆಲ್ಲಾ ಹರದು ಹೋತು, ಆದರೂ ಪಾಯಾ ತಗಸಲಿಲ್ಲ. ಯಾಕ?"

"ಯಾಕಂದ್ರ? ಸೊಸಿ ಬಸುರಿದ್ಲಲ್ರಿ" ಎಂದರು ಚೇರಮನ್ನರು. ಮಾಳಗುಂದಿಯಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಬಸುರಿಯಿದ್ದರೆ ಪಾಯಾ ತೆಗೆಯುವುದಿಲ್ಲ, ಬಾಣಂತಿ ಮಲಗಿದ ಮನೆಯಲ್ಲಿ ಗುದ್ದಲಿಯ ಸಪ್ಪಳ ಮಾಡುವುದಿಲ್ಲ.

"ಆ ಜಾಗದಾಗ ಯಾರದಾರ ಹಂಗಾರ? ಬಸುರಿ ಬಾಣಂತಿಯರನ್ನ ಎಬ್ಬಿಸಿ, ಅವರು ಮಲಗಿದ್ದಲ್ಲೆ ಗುದ್ದಲಿ ಹಾಕ್ತೀರೇನು?"

ಕಾರಕೂನ ಎತ್ತಿದ ಪೆನ್ನನ್ನು ಕೆಳಗಿಟ್ಟ. ಅಕ್ಕಾರಿಗೆ ತಮ್ಮ ಮಾತು ಕೇಳಿ ತಮಗೇ ನಾಚಿಕೆಯಾಯಿತು. ಇಂಥ ನಂಬಿಕೆಗಳೆಲ್ಲ ಹುಚ್ಚು ಎಂದು ಶಾಲೆಯಲ್ಲಿ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವರು ಅವರೇ. ವಿರೂಪಾಕ್ಷಪ್ಪನವರ ಸೊಸೆಗೂ ಹೋದ ವರ್ಷ ಹಾಗೆಯೇ ಹೇಳಿ ನಕ್ಕಿದ್ದರು. ಈಗ ಕಾಯಿದೆ ಮಾಡದ ಕೆಲಸವನ್ನು ಆ ಹುಚ್ಚೇ ಮಾಡುತ್ತಿತ್ತು.

"ಖರೆ ಐತ್ರಿ ಯಪ್ಪಾ" ಎಂದು ಗದಿಗೆವ್ವ ಎದ್ದಳು. "ಬಾಣಂತಿ ಹಾಸಿಗಿ ಮ್ಯಾಲೆ ಮನಿ ಕಟಗೊಂಡು ನಿಮ್ಮ ಹೆಣಮಕ್ಕಳು ಹೆಂಗ ಬಾಳೇವು ಮಾಡ್ಯಾರು? ನಾ ಅಂತೂ ಹೆಬ್ಬಟ್ಟು ಒತ್ತೂದಿಲ್ಲ."

ಆಕೆಯ ಮಾತು ಕಿಟಕಿ ದಾಟಿ ಹೊರಗೆ ಹೋಯಿತು. ಕಿಟಕಿಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆಯೊಳಗೆ ಈ ಮಾತು ಮನೆಮನೆಯ ಹೆಂಗಸರಿಗೆ ತಲುಪುವುದು, ಆಮೇಲೆ ಆ ಸಾಲಿನಲ್ಲಿ ಬಿಟ್ಟಿ ಕೊಟ್ಟರೂ ಯಾರೂ ಮನೆ ಕಟ್ಟರು ಎಂಬುದು ಕೊಟ್ರಪ್ಪನಿಗೆ ಎಲ್ಲರಿಗಿಂತ ಮೊದಲು ಹೊಳೆಯಿತು. ಅವನ ನಗು ನಿಂತಿತು. ಸ್ವಲ್ಪ ಹೊತ್ತು ಲೆಕ್ಕ ಹಾಕಿದವನು, "ಮ್ಯಾಲಿನ ಎರಡು ಸಾಲು ನಾನ ಬಿಡತೇನ್ರಿ. ಅಲ್ಲಿ ಮನಿ ಬ್ಯಾಡ. ಕೆಳಗಿಂದು ಒಪ್ಪಿಗಿ ಕೊಟ್ಟು ಬಿಡ್ರಿ" ಎಂದ. ಠರಾವು ಹಾಗೇ ಆಯಿತು. ಮೇಲಿನ ಎರಡು ಸಾಲು ಹುಲ್ಲಾಗಿಯೇ ಇರತಕ್ಕದ್ದು, ಆ ಕಡೆ ಹಲಗೆ, ಸನಾದಿ ಬಾರಿಸತಕ್ಕದ್ದಲ್ಲ.

ಸಭೆ ಮುಗಿದ ಮೇಲೆ ಕೊಟ್ರಪ್ಪ ಅಕ್ಕಾರ ಹತ್ತಿರ ಬಂದ. ಸಿಟ್ಟಿರಲಿಲ್ಲ, ಸೋಜಿಗವಿತ್ತು. "ಕೆಳಗಿನ ಪ್ಲಾಟು ಎಲ್ಲಾ ಹೋಗ್ಯಾವ್ರಿ ಅಕ್ಕಾರ. ನಿಮ್ಮ ರೊಕ್ಕಾ ನಿಮಗ ಕೊಡತೇನಿ. ಆದ್ರ ಅಷ್ಟು ರೊಕ್ಕದಾಗ ಊರೊಳಗ ಜಾಗಾ ಸಿಗೂದು ಸುಳ್ಳು. ನಿಮ್ಮ ಕೈಯಾರೆ ಕಳಕೊಂಡ್ರಲ್ಲ" ಎಂದ.

"ಗೊತ್ತದ" ಎಂದರು ಅಕ್ಕಾರು. ಅಗಸೆಯ ಹತ್ತಿರ ಮಕ್ತುಮಸಾಬ ಎರಡೂ ಕೈ ಎತ್ತಿ ಸಲಾಮು ಮಾಡಿದ. ಅಕ್ಕಾರಿಗೆ ಅವನನ್ನು ನೋಡಿ ನಗಲು ಆಗಲಿಲ್ಲ. ಒಳ್ಳೆಯ ಕೆಲಸ ಮಾಡಿದವರಿಗೆ ಮನಸ್ಸು ಹಗುರಾಗುತ್ತದೆ ಎಂದು ಅವರೇ ಎಷ್ಟೋ ಹುಡುಗಿಯರಿಗೆ ಹೇಳಿದ್ದರು. ಅವರ ಮನಸ್ಸು ಹಗುರಾಗಿರಲಿಲ್ಲ, ಬರಿದಾಗಿತ್ತು.

ಮನೆಗೆ ಬಂದಾಗ ಪದ್ಮಾಬಾಯಿ ಖೋಲಿಯನ್ನು ಸಗಣಿ ಹಾಕಿ ಸಾರಿಸುತ್ತಿದ್ದಳು. ಹಪ್ಪಳದ ಡಬ್ಬಿ, ಭರಣಿಗಳೆಲ್ಲ ಅಟ್ಟ ಸೇರಿದ್ದವು. ಗೋಡೆಗೆ ಬಾಣಂತಿಯ ಹೊರಸು ಒರಗಿಸಿತ್ತು. ಅಕ್ಕಾರ ಟ್ರಂಕು, ಹಾಸಿಗೆಯ ಸುರುಳಿ ಮಾತ್ರ ಬಾಗಿಲ ಬಳಿ ಉಳಿದಿದ್ದವು.

"ವೈನಿ, ಪ್ಲಾಟು ಹೋತು" ಎಂದರು ಅಕ್ಕಾರು. "ನಾ ಎಲ್ಲಿಗೂ ಹೋಗೂದಿಲ್ಲ. ಇಲ್ಲೇ ಇರತೀನಿ."

ಪದ್ಮಾಬಾಯಿ ಸಾರಿಸುವುದನ್ನು ನಿಲ್ಲಿಸಲಿಲ್ಲ. "ಕೇಳಿದೆ. ಗುಡಿಗೆ ಬಂದವರು ನಿಮ್ಮಣ್ಣಗ ಹೇಳಿದ್ರಂತ" ಎಂದಳು. ಮೂಲೆಯ ತನಕ ಕೈ ಎಳೆದು, ಹಿಂದೆ ಸರಿದು, ಹಣೆಯ ಬೆವರನ್ನು ಮೊಣಕೈಯಿಂದ ಒರೆಸಿಕೊಂಡಳು. "ತಾರಾ ನಾಡದ ಬರ್ತಾಳ. ಬಾಣಂತಿ ಜಾಗಾ ಬಿಡಸಬಾರದಂತ ಸಭಾದಾಗ ನೀನ ಹೇಳಿದೆಂತಲ್ಲ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಊರೆಲ್ಲ ಹೊಗಳಿದ ಮಾತನ್ನು ತಾನೂ ಒಪ್ಪಿದೆ ಎಂಬ ದನಿಯಲ್ಲೇ ಅವಳು ಹೇಳಿದಳು. ಅಕ್ಕಾರ ಕಣ್ಣು ತುಂಬಿ ಬಂತು, ತಡೆಯಲು ಹೋಗಲಿಲ್ಲ. ಪದ್ಮಾಬಾಯಿ ಬೆನ್ನು ತಿರುಗಿಸಿ ಸಗಣಿಯ ಬುಟ್ಟಿ ಎತ್ತಿಡುತ್ತಿದ್ದಳು, ಅದನ್ನು ನೋಡಲಿಲ್ಲ.

ಅಕ್ಕಾರು ಸೆರಗಿನಿಂದ ಮುಖ ಒರೆಸಿಕೊಂಡು ಬಗ್ಗಿ ಟ್ರಂಕಿನ ಹಿಡಿಕೆಗೆ ಕೈ ಹಾಕಿದರು.

"ಆ ಕಡೆ ಒಂದಿಷ್ಟು ಹಿಡೀರಿ ವೈನಿ, ಭಾಳ ಭಾರ ಅದ" ಎಂದರು.

ಇಬ್ಬರೂ ಕೂಡಿ ಅದನ್ನು ಪಡಸಾಲೆಗೆ ತಂದಿಟ್ಟರು.